ಕಳ್ಳನಿಲ್ಲದ ಕೂಗು

ನಡುರಾತ್ರಿಯಲ್ಲಿ ಬೀದಿಯ ಬದಿಗೆ ನಿಂತಿರುವ ಹಳೆಯ ಕಾರೊಂದು ಇದ್ದಕ್ಕಿದ್ದಂತೆ ಅರಚಲಾರಂಭಿಸುತ್ತದೆ. ಅದರ ದೀಪಗಳು ಮಿನುಗುತ್ತವೆ; ನಾಯಿಗಳು ಬೊಗಳುತ್ತವೆ; ಮಲಗಿದ್ದ ಮಕ್ಕಳು ಬೆಚ್ಚಿ ಏಳುತ್ತಾರೆ. ಆದರೂ ಕಿಟಕಿ ತೆರೆದು ಇಣಿಕಿ ನೋಡುವವರು ಯಾರೂ ಇಲ್ಲ. ಕಳೆದ ವಾರವೂ ಅದು ಹೀಗೆಯೇ ಕೂಗಿತ್ತು, ಆಗಲೂ ಕಳ್ಳನಿರಲಿಲ್ಲ. 'ಹುಲಿ ಬಂತು ಹುಲಿ' ಎಂದು ಹುಸಿಯಾಗಿ ಕೂಗಿದ ಹುಡುಗನ ಕಥೆಯನ್ನು ನಾವೆಲ್ಲರೂ ಬಾಲ್ಯದಲ್ಲಿ ಕೇಳಿದ್ದೇವೆ. ಸುಳ್ಳು ಕೂಗಿನಿಂದ ಆಗುವ ಹಾನಿ ನಿದ್ರಾಭಂಗವೊಂದೇ ಅಲ್ಲ. ಕಳ್ಳನು ನಿಜವಾಗಿ ಬಂದ ದಿನ ಆ ಕೂಗಿಗೆ ಯಾರೂ ಕಿವಿಗೊಡುವುದಿಲ್ಲ.

ಇಂಥ ಗಾಡಿಯನ್ನು ಕಂಡು 'ಯಂತ್ರಕ್ಕೆ ಹುಚ್ಚು ಹಿಡಿದಿದೆ' ಎನ್ನುವುದು ವಾಡಿಕೆ. ವಿಚಾರಮಾಡಿ ನೋಡಿದರೆ, ಬಹುಮಟ್ಟಿಗೆ ದೋಷವಿರುವುದು ಯಂತ್ರದ ತರ್ಕದಲ್ಲಲ್ಲ, ಅದಕ್ಕೆ ದೊರೆಯುವ ಸಾಕ್ಷ್ಯದಲ್ಲಿ. ಇದು ಹೇಗೆಂಬುದನ್ನು ಪರಿಶೀಲಿಸೋಣ.

ಎಚ್ಚರಿಕೆಯ ಏರ್ಪಾಡಿನಲ್ಲಿ ಮೂರು ಅಂಗಗಳಿವೆ: ಸುದ್ದಿ ತರುವ ಸಂವೇದಕಗಳು, ಸುದ್ದಿಯನ್ನು ತೂಗಿ ನೋಡುವ ನಿಯಂತ್ರಕ, ಕೂಗುವ ಸೈರನ್. ಕಳ್ಳನೆಂದರೆ ಯಾರೆಂಬುದು ನಿಯಂತ್ರಕಕ್ಕೆ ತಿಳಿಯದು. ಇಂತಿಂಥ ತಂತಿಯಲ್ಲಿ ವೋಲ್ಟೇಜು ಇದೆಯೆ, ಇಲ್ಲವೆ, ಇದ್ದರೆ ಎಷ್ಟಿದೆ ಎಂಬುದಷ್ಟೇ ಅದಕ್ಕೆ ತಿಳಿಯುವ ವಿಷಯ.

ಬಾನೆಟ್ಟಿನ ಕೆಳಗಿರುವ ಸ್ವಿಚ್ಚನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಇದು ಸ್ಪ್ರಿಂಗಿನ ಮೇಲೆ ನಿಂತ ಒಂದು ಸಣ್ಣ ಗೂಟ. ಬಾನೆಟ್ ಮುಚ್ಚಿದಾಗ ಗೂಟ ಕೆಳಗೆ ಒತ್ತಿಕೊಂಡು ಸಂಪರ್ಕ ಕಡಿದಿರುತ್ತದೆ. ತೆರೆದಾಗ ಗೂಟ ಮೇಲೇರಿ, ತಂತಿಯನ್ನು ಗಾಡಿಯ ಲೋಹದ ಮೈಗೆ ಕೂಡಿಸುತ್ತದೆ. ಈ ಮೈ ಬ್ಯಾಟರಿಯ ಋಣಧ್ರುವಕ್ಕೆ ಸೇರಿರುವುದರಿಂದ ವಿದ್ಯುನ್ಮಂಡಲ ಪೂರ್ಣವಾಗಿ, 'ಬಾನೆಟ್ ತೆರೆಯಿತು' ಎಂಬ ಸುದ್ದಿ ನಿಯಂತ್ರಕಕ್ಕೆ ಮುಟ್ಟುತ್ತದೆ. ಹದಿನೈದು ಮಳೆಗಾಲಗಳನ್ನು ಕಂಡ ಗಾಡಿಯಲ್ಲಿ ಈ ಸ್ವಿಚ್ಚಿನ ಗತಿಯೇನು? ಒಳಗೆ ಕೆಸರು ನೀರು ಇಳಿದಿರುತ್ತದೆ. ತಾಮ್ರಕ್ಕೆ ಕಿಲುಬು, ಉಕ್ಕಿಗೆ ತುಕ್ಕು ಹಿಡಿದಿರುತ್ತದೆ. ಲವಣ ಕರಗಿದ ನೀರು ಅಲ್ಪಸ್ವಲ್ಪ ವಿದ್ಯುತ್ತನ್ನು ಹರಿಯಗೊಡುವುದರಿಂದ, ಮುಚ್ಚಿದ ಬಾನೆಟ್ಟೂ ನಿಯಂತ್ರಕಕ್ಕೆ ತೆರೆದಂತೆ ತೋರುತ್ತದೆ. ಉಪ್ಪುಗಾಳಿ ಬೀಸುವ ಮಂಗಳೂರು, ಕಾರವಾರಗಳಂಥ ಕಡಲತೀರದ ಊರುಗಳಲ್ಲಿ ಇದಕ್ಕೆ ಅವಕಾಶ ಹೆಚ್ಚು. ಬಾನೆಟ್ಟಿನ ಕೊಂಡಿ ಸಡಿಲವಾಗಿದ್ದರಂತೂ ಗಾಳಿಗೆ ಬಾನೆಟ್ ತುಸು ಅಲುಗಿದರೂ ಸಂಪರ್ಕ ಕೂಡಿಬಿಡುತ್ತದೆ.

ಎರಡನೆಯ ಸುಳ್ಳುಸಾಕ್ಷಿ ಮುಪ್ಪಾದ ಬ್ಯಾಟರಿ. ಕಾರಿನ ಸೀಸ-ಆಮ್ಲದ ಬ್ಯಾಟರಿಯಲ್ಲಿ ಆರು ಕೋಶಗಳಿವೆ. ಪೂರ್ಣವಾಗಿ ಚಾರ್ಜಾದಾಗ ಒಂದೊಂದೂ ಸುಮಾರು 2.1 ವೋಲ್ಟ್ ಕೊಡುವುದರಿಂದ ಒಟ್ಟು 12.6 ವೋಲ್ಟ್ ಆಗುತ್ತದೆ. ಅರ್ಧ ಬರಿದಾದಾಗ ಇದು ಸುಮಾರು 12.2ಕ್ಕೆ ಇಳಿಯುತ್ತದೆ. ಬಾಗಿಲು ತೆರೆದು ಒಳಗಿನ ದೀಪ ಹೊತ್ತಿಕೊಂಡರೆ ವೋಲ್ಟೇಜು ತುಸು ಕುಸಿಯುತ್ತದಷ್ಟೆ? ಕೆಲವು ಹಳೆಯ ಏರ್ಪಾಡುಗಳು ಈ ಕುಸಿತವನ್ನೇ ಕಳ್ಳನ ಗುರುತೆಂದು ಎಣಿಸುತ್ತವೆ. ಎಂಜಿನ್ ನಿಲ್ಲಿಸಿದ ಬಳಿಕ ಅದನ್ನು ತಣಿಸುವ ಫ್ಯಾನು ತಾನಾಗಿ ತಿರುಗಿದರೂ ವೋಲ್ಟೇಜು ಕುಸಿಯುತ್ತದೆ. ಬ್ಯಾಟರಿಗೆ ವಯಸ್ಸಾದಂತೆ ಅದರ ಆಂತರಿಕ ರೋಧ ಹೆಚ್ಚುವುದರಿಂದ ಅಲ್ಪ ಪ್ರವಾಹಕ್ಕೂ ಕುಸಿತ ದೊಡ್ಡದಾಗುತ್ತದೆ. ಒಂದೊಂದು ಕೂಗೂ ಬ್ಯಾಟರಿಯನ್ನು ಇನ್ನಷ್ಟು ಬರಿದುಮಾಡಿ ಮುಂದಿನ ಕೂಗಿಗೆ ದಾರಿಮಾಡಿಕೊಡುತ್ತದೆ.

ಮೂರನೆಯದು ಅದುರುವಿಕೆಯ ಸಂವೇದಕ. ಕೆಲವು ಹರಳುಗಳನ್ನು ಒತ್ತಿದರೆ ಅವುಗಳ ಮುಖಗಳ ಮೇಲೆ ವಿದ್ಯುದಾವೇಶ ಮೂಡುವುದೆಂದು ಪಿಯರ್ ಕ್ಯೂರಿ ಮತ್ತು ಆತನ ಅಣ್ಣ ಜಾಕ್ 1880ರಲ್ಲಿ ಕಂಡುಹಿಡಿದರು. ಇಂಥ ಅನೇಕ ಸಂವೇದಕಗಳಿಗೆ ಆ ತತ್ತ್ವವೇ ಆಧಾರ. ಇದರ ಸೂಕ್ಷ್ಮತೆಯನ್ನು ಅತಿಯಾಗಿ ಏರಿಸಿದ್ದರೆ, ಅಥವಾ ಅದನ್ನು ಬಿಗಿದ ತಿರುಪು ಸಡಿಲವಾಗಿದ್ದರೆ, ಬೀದಿಯಲ್ಲಿ ಹಾದುಹೋದ ಲಾರಿಯೂ ಕಳ್ಳನಾಗುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಸೆಕೆಂಡಿಗೆ ಸುಮಾರು 40,000 ಕಂಪನಗಳ, ನಮ್ಮ ಕಿವಿಗೆ ಕೇಳಿಸದ, ಶಬ್ದವನ್ನು ಒಳಗೆ ಹರಡಿ, ಅದರ ಪ್ರತಿಧ್ವನಿಯಲ್ಲಿ ಆಗುವ ವ್ಯತ್ಯಾಸದಿಂದ ಚಲನೆಯನ್ನು ಅರಿಯುವರು. ಕಿಟಕಿಯ ಗಾಜು ಬೆರಳಷ್ಟು ತೆರೆದಿದ್ದರೆ ಒಳನುಗ್ಗಿದ ಗಾಳಿಯೇ ಇದನ್ನು ಮೋಸಗೊಳಿಸಬಲ್ಲದು.

ಹಾಗಾದರೆ ತಪ್ಪಿತಸ್ಥನನ್ನು ಪತ್ತೆಮಾಡುವುದು ಹೇಗೆ? ಪ್ರಯೋಗಶಾಲೆಯ ನಿಯಮವೇ ಇಲ್ಲಿಯೂ ಸಲ್ಲುತ್ತದೆ: ಒಂದು ಸಲಕ್ಕೆ ಒಂದನ್ನೇ ಬದಲಿಸಿ ಪರಿಣಾಮವನ್ನು ನೋಡಬೇಕು. ಗಾಡಿ ಕೆಲವು ಗಂಟೆ ನಿಂತ ಮೇಲೆ ಮೊದಲು ಬ್ಯಾಟರಿಯ ವೋಲ್ಟೇಜನ್ನು ಅಳೆಯಿರಿ. ಅದರ ಧ್ರುವಗಳ ಮೇಲೆ ಬೆಳೆದ ಬಿಳಿಯ ಹುಡಿಯನ್ನು ತೆಗೆಯಿರಿ. ಅದು ಸರಿಯಾಗಿದ್ದರೆ ಬಾನೆಟ್ಟಿನ ಸ್ವಿಚ್ಚಿನ ತಂತಿಯನ್ನು ಬಿಡಿಸಿ, ತುದಿಗೆ ಅವಾಹಕ ಪಟ್ಟಿ ಸುತ್ತಿ, ಒಂದು ರಾತ್ರಿ ಕಾಯಿರಿ. ಕೂಗು ನಿಂತರೆ ತಪ್ಪು ಆ ಸ್ವಿಚ್ಚಿನದೇ; ಅದನ್ನು ಶುಚಿಮಾಡಿದರೆ ಅಥವಾ ಬದಲಿಸಿದರೆ ಸಾಕು. ನಿಲ್ಲದಿದ್ದರೆ ಬಾಗಿಲುಗಳ ಸ್ವಿಚ್ಚುಗಳು, ಅನಂತರ ಅದುರುವಿಕೆಯ ಸಂವೇದಕ. ಕೆಲವು ಗಾಡಿಗಳಲ್ಲಿ ಸ್ವಿಚ್ಚಿನ ಏರ್ಪಾಡು ತಲೆಕೆಳಗಾಗಿದ್ದು, ತಂತಿ ಬಿಡಿಸುವುದೇ ಕೂಗಿಗೆ ಕಾರಣವಾಗಬಹುದು. ಆದುದರಿಂದ ಗಾಡಿಯ ಕೈಪಿಡಿಯನ್ನು ಮೊದಲೇ ನೋಡಿಕೊಳ್ಳಬೇಕು.

ಬೇಸತ್ತು ಸಿಕ್ಕಿದ ತಂತಿಯನ್ನು ಕತ್ತರಿಸುವುದು ಮಾತ್ರ ಸಲ್ಲದು. ಅನೇಕ ಕಾರುಗಳಲ್ಲಿ ಎಂಜಿನ್ನನ್ನು ಹೊರಡಿಸುವ ವಿದ್ಯುನ್ಮಂಡಲವೂ ಈ ನಿಯಂತ್ರಕದ ಮೂಲಕವೇ ಹಾಯುತ್ತದೆ. ಕತ್ತರಿಸಿದರೆ ಗಾಡಿ ಹೊರಡದು. ಹಳದಿ ಬಣ್ಣದ ಜೋಡಣೆಗಳಿರುವ ತಂತಿಗಳು ಸಾಮಾನ್ಯವಾಗಿ ಅಪಘಾತದಲ್ಲಿ ಉಬ್ಬುವ ಗಾಳಿಚೀಲಗಳವು, ಅವನ್ನು ಮುಟ್ಟಲೇಬಾರದು. ಬ್ಯಾಟರಿಯನ್ನು ಬಿಡಿಸಬೇಕಾದರೆ ಋಣಧ್ರುವವನ್ನೇ ಮೊದಲು ಬಿಡಿಸಬೇಕು. ಧನಧ್ರುವಕ್ಕೆ ಮೊದಲು ಕೈಯಿಟ್ಟು, ಸ್ಪಾನರು ಗಾಡಿಯ ಮೈಗೆ ತಗುಲಿದರೆ ನೂರಾರು ಆಂಪಿಯರು ಪ್ರವಾಹ ಹರಿದು ಬೆಂಕಿಯೇ ಏಳಬಹುದು. ಕೆಲವು ಸೈರನ್ನುಗಳ ಹೊಟ್ಟೆಯಲ್ಲಿ ತಮ್ಮದೇ ಪುಟ್ಟ ಬ್ಯಾಟರಿ ಇರುತ್ತದೆ. ದೊಡ್ಡ ಬ್ಯಾಟರಿಯನ್ನು ಬಿಡಿಸಿದೊಡನೆ ಅವು 'ಕಳ್ಳ ತಂತಿ ಕತ್ತರಿಸಿದ' ಎಂದು ತಿಳಿದು ಇನ್ನೂ ಜೋರಾಗಿ ಕೂಗುತ್ತವೆ. ಆ ಪುಟ್ಟ ಬ್ಯಾಟರಿ ಹಳತಾದಾಗ ಅದೇ ಸುಳ್ಳು ಕೂಗಿಗೆ ಕಾರಣವಾಗುವುದೂ ಉಂಟು.

ಭಾರತದಲ್ಲಿ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಗಳಿಗೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿಯನ್ನು ಗೊತ್ತುಪಡಿಸಿವೆ. ಸೈರನ್ನಿನ ಬಳಿ ಶಬ್ದ 100 ಡೆಸಿಬೆಲ್ಲನ್ನೂ ಮೀರುತ್ತದೆ. ಕೂಗುವ ಗಾಡಿಯನ್ನು ದುರಸ್ತಿ ಮಾಡಿಸುವುದು ನೆರೆಹೊರೆಯವರಿಗೆ ನಾವು ಸಲ್ಲಿಸಬೇಕಾದ ಋಣ. ಅದು ಗಾಡಿಯ ರಕ್ಷಣೆಯೂ ಹೌದು: ಮತ್ತೊಮ್ಮೆ ಅದು ಕೂಗಿದಾಗ ಕಿಟಕಿಗಳು ತೆರೆಯಬೇಕಾದರೆ, ಅಲ್ಲಿಯವರೆಗೆ ಅದು ಸುಮ್ಮನಿರುವುದನ್ನು ಕಲಿತಿರಬೇಕು.