ನಗಿಸುವ ಚಿತ್ರಪುಸ್ತಕಗಳು

ಅಕ್ಷರ ಬಲ್ಲವರಿಗೆ ಪುಸ್ತಕವೆಂದರೆ ಓದುವ ವಸ್ತು. ಅಕ್ಷರವನ್ನರಿಯದ ಮಗುವಿಗಾದರೋ ಅದು ನೋಡುವ, ಕೇಳುವ, ಮುಟ್ಟಿ ಆನಂದಿಸುವ ವಸ್ತು. ಎಳೆಯ ಮಗುವಿನ ಕೈಗೆ ಬಂದ ಮೊದಲ ಪುಸ್ತಕವು ಅದನ್ನು ನಗಿಸಿದರೆ, ಎರಡನೆಯದನ್ನು ಅದು ತಾನಾಗಿಯೇ ಬೇಡುತ್ತದೆ. ಬೇಸರಪಡಿಸಿದರೆ ಓದೆಂಬುದೇ ಒಂದು ಶಿಕ್ಷೆಯೆಂದು ಭಾವಿಸೀತು. ಆದ್ದರಿಂದ ಮಕ್ಕಳಿಗಾಗಿ ಹಾಸ್ಯದ ಚಿತ್ರಪುಸ್ತಕಗಳನ್ನು ರಚಿಸುವವರ ಹೊಣೆ ಹಗುರವಾದುದಲ್ಲ.

ಇಂತಹ ಪುಸ್ತಕದಲ್ಲಿ ಲೇಖಕನಷ್ಟೇ ಚಿತ್ರಕಾರನೂ ಕಥೆಗಾರ. ಬಿಡದಿಯಿಂದ ಮೈಸೂರಿನ ಹಾದಿಯಲ್ಲಿ ಸಾಗಿ ರಾಮನಗರವನ್ನು ದಾಟಿದರೆ ಚನ್ನಪಟ್ಟಣ ಸಿಗುತ್ತದೆ. ಅಲ್ಲಿನ ಕುಶಲಕರ್ಮಿಗಳು ಹಾಲೆ ಮರದ ತುಂಡನ್ನು ಕಡೆದು ಗೊಂಬೆಗೆ ರೂಪ ಕೊಡುತ್ತಾರೆ. ಅದು ತಿರುಗುತ್ತಿರುವಾಗಲೇ ಅರಗಿನ ಬಣ್ಣವನ್ನು ಒತ್ತಿ ಹಿಡಿಯುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಳ್ಳುತ್ತದೆ. ಉತ್ತಮ ಚಿತ್ರಪುಸ್ತಕದಲ್ಲಿ ಮಾತಿಗೂ ಚಿತ್ರಕ್ಕೂ ಇರುವ ಬೆಸುಗೆ ಇಂಥದೇ.

ಆದರೆ ಮಾತು ಹೇಳಿದುದನ್ನೇ ಚಿತ್ರವು ಮತ್ತೆ ಹೇಳಿದರೆ ನಗೆ ಹುಟ್ಟದು. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ 1968ರಲ್ಲಿ ಪ್ರಕಟಿಸಿದ 'ರೋಸೀಸ್ ವಾಕ್' ಎಂಬ ಪುಸ್ತಕ ಇದಕ್ಕೆ ನಿದರ್ಶನ. ಅದರಲ್ಲಿರುವುದು ಕೇವಲ 32 ಪದಗಳ ಒಂದೇ ವಾಕ್ಯ. ರೋಸಿ ಎಂಬ ಕೋಳಿಯು ಅಂಗಳದಲ್ಲಿ ಸುತ್ತಾಡಿ ಊಟದ ಹೊತ್ತಿಗೆ ಮನೆ ಸೇರಿತೆಂಬುದಷ್ಟೇ ಅದರ ಸಾರ. ಚಿತ್ರಗಳಲ್ಲಾದರೋ ನರಿಯೊಂದು ಕೋಳಿಯನ್ನು ಹಿಡಿಯಲು ಹೊಂಚುಹಾಕಿ, ಹೆಜ್ಜೆ ಹೆಜ್ಜೆಗೂ ಪೆಟ್ಟು ತಿನ್ನುತ್ತದೆ. ನರಿಯ ಹೆಸರು ಮಾತಿನಲ್ಲಿ ಎಲ್ಲಿಯೂ ಬರುವುದಿಲ್ಲ. ಓದಿ ಹೇಳುವ ಹಿರಿಯರ ಬಾಯಲ್ಲಿ ಇಲ್ಲದ ನರಿಯನ್ನು ಮಗು ತಾನೇ ಕಂಡುಹಿಡಿಯುತ್ತದೆ. ಅಕ್ಷರ ಬಾರದ ಮಗುವಿಗೂ ತಾನು ಓದಬಲ್ಲೆನೆಂಬ ಧೈರ್ಯ ಹುಟ್ಟುವುದು ಇಲ್ಲಿಯೇ.

ಕನ್ನಡದಲ್ಲಿ ಮಕ್ಕಳ ನಗೆಗೆ ಬಹುಕಾಲದ ಪರಂಪರೆಯಿದೆ. ಪಂಜೆ ಮಂಗೇಶರಾಯರು (1874–1937) ಮಕ್ಕಳ ನಾಲಗೆಗೆ ಹಿತವಾಗುವ ಕಥೆ, ಹಾಡುಗಳನ್ನು ರಚಿಸಿ ದಾರಿ ತೋರಿದರು. ರಾಮನಗರದಲ್ಲಿ ಜನಿಸಿದ ಜಿ. ಪಿ. ರಾಜರತ್ನಂ ಅವರು ಉಪಾಧ್ಯಾಯರಾಗಿದ್ದಾಗ, ಅಂದಿನ ಪಠ್ಯಗಳಲ್ಲಿದ್ದ ಪದ್ಯಗಳು ಮಕ್ಕಳಿಗೆ ಒಗ್ಗುವಂಥವಲ್ಲವೆಂದು ಕಂಡು ತಾವೇ ಶಿಶುಗೀತೆಗಳನ್ನು ಬರೆದರು. ತುತ್ತೂರಿಯನ್ನು ಹಿಡಿದು ಜಂಬದಿಂದ ಮೆರೆದ ಹುಡುಗನ ಪಾಡನ್ನು ಅವರು ಹಾಡಿದ ಬಗೆಯಲ್ಲಿ ಬೋಧನೆಯ ಭಾರವಿಲ್ಲ. ಮಗು ನಗುತ್ತ ನಗುತ್ತಲೇ ಜಂಬದ ಗತಿಯನ್ನು ತಿಳಿಯುತ್ತದೆ. ಆದರೆ ಅಚ್ಚುಮೊಳೆಗಳ ಆ ಕಾಲದಲ್ಲಿ ಚಿತ್ರ ಮುದ್ರಿಸಲು ಪ್ರತ್ಯೇಕ ಬ್ಲಾಕು ಮಾಡಿಸಬೇಕಾಗಿತ್ತು. ಪುಟಪುಟಕ್ಕೂ ಬಣ್ಣದ ಚಿತ್ರವೆಂದರೆ ದುಬಾರಿಯ ಮಾತು. ಆಫ್‌ಸೆಟ್ ಮುದ್ರಣವು ಹರಡಿದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು.

2004ರಲ್ಲಿ ಬೆಂಗಳೂರಿನಲ್ಲಿ ಪ್ರಾರಂಭವಾದ ಪ್ರಥಮ್ ಬುಕ್ಸ್ ಸಂಸ್ಥೆಯು ಕಡಿಮೆ ಬೆಲೆಯ ಚಿತ್ರಪುಸ್ತಕಗಳನ್ನು ಕನ್ನಡವೂ ಸೇರಿದಂತೆ ಅನೇಕ ಭಾಷೆಗಳಲ್ಲಿ ಹೊರತಂದಿತು. ಅದರ ಸ್ಥಾಪಕರಲ್ಲೊಬ್ಬರಾದ ರೋಹಿಣಿ ನಿಲೇಕಣಿಯವರು 'ನೋನಿ' ಎಂಬ ಹೆಸರಿನಲ್ಲಿ ಬರೆದ ಶೃಂಗೇರಿ ಶ್ರೀನಿವಾಸನ ಕಥೆಗಳು ಪ್ರಸಿದ್ಧವಾಗಿವೆ. ಉದ್ದ ಕೂದಲಿನ ಈ ರೈತನು ವರ್ಷಕ್ಕೊಮ್ಮೆ ಕ್ಷೌರಕ್ಕೆಂದು ಹೊರಡುತ್ತಾನೆ. ಆದರೆ ಅವನ ತಲೆಗೂದಲನ್ನು ಕತ್ತರಿಸಲು ಯಾರಿಗೂ ಬಿಡುವಿಲ್ಲ! ಆಂಜಿ ಮತ್ತು ಉಪೇಶ್ ಅವರು ಬರೆದ ಚಿತ್ರಗಳಲ್ಲಿ ಆ ಕೂದಲೇ ಒಂದು ಪಾತ್ರವಾಗಿದೆ. ಇಲ್ಲಿ ನಗೆಯು ಯಾರ ಬಡತನವನ್ನೂ ಅಂಗವಿಕಲತೆಯನ್ನೂ ಹಳಿಯುವುದಿಲ್ಲ. 2015ರಲ್ಲಿ ಇದೇ ಸಂಸ್ಥೆ ಆರಂಭಿಸಿದ ಸ್ಟೋರಿವೀವರ್ ಜಾಲತಾಣದ ಕಥೆಗಳನ್ನು ಯಾರಾದರೂ ಉಚಿತವಾಗಿ ಓದಬಹುದು, ತಮ್ಮ ಭಾಷೆಗೆ ಅನುವಾದಿಸಲೂಬಹುದು.

ಪುಸ್ತಕವು ಎಷ್ಟೇ ಸೊಗಸಾಗಿದ್ದರೂ ಅದನ್ನು ಓದಿ ಹೇಳುವ ಕಂಠವೊಂದು ಬೇಕು. ಹೆತ್ತವರಿಗೆ ಬಿಡುವಿಲ್ಲದ ಎಷ್ಟೋ ಮನೆಗಳಲ್ಲಿ ಆ ಕಂಠವು ಶಾಲೆಗೆ ಹೋಗುವ ಅಕ್ಕನದೋ ಅಣ್ಣನದೋ ಆಗಬಹುದು. ಕಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹತ್ತು ನಿಮಿಷ ಓದಿದರೆ, ಲೇಖಕನೂ ಚಿತ್ರಕಾರನೂ ಕೂಡಿ ಕಟ್ಟಿದ ನಗೆ ಆ ಮಗುವನ್ನು ಮುಟ್ಟುತ್ತದೆ. ಅದರೊಡನೆ ಓದಿನ ಬಾಗಿಲೂ ತೆರೆಯುತ್ತದೆ.