ನಾಯಿಯ ತಟ್ಟೆಗೂ ಬೇಕು ಖನಿಜ

ಮನೆಯಲ್ಲಿ ನಾಯಿ ಸಾಕಿರುವ ಸೋದರಿಯರೇ, ಅದಕ್ಕೆ ದಿನಾ ಏನು ಹಾಕುತ್ತೀರಿ? ಮಿಕ್ಕ ಅನ್ನಕ್ಕೆ ಹಾಲೋ ಮಜ್ಜಿಗೆಯೋ ಕಲಸಿದ್ದು, ಇಲ್ಲವೇ ಒಂದು ತುಂಡು ರಾಗಿಮುದ್ದೆ, ಅಲ್ಲವೇ? ಹೊಟ್ಟೆ ತುಂಬುತ್ತೆ, ಬಾಲ ಅಲ್ಲಾಡಿಸುತ್ತೆ, ಇನ್ನೇನು ಬೇಕು ಅಂತೀರಾ? ಚಿಟಿಕೆಗಿಂತಲೂ ಕಡಿಮೆ ಬೇಕಾಗುವ ಕೆಲವು ಖನಿಜಗಳು ಬೇಕು. ಅವು ಸಿಗದಿದ್ದರೆ ಹೊಟ್ಟೆ ತುಂಬಿದ ನಾಯಿಯೂ ಸೊರಗುತ್ತದೆ.

ಎಷ್ಟು ಬೇಕು? ಬೆಳೆದ ನಾಯಿಗೆ ನೀರಿನಂಶವಿಲ್ಲದ ಒಂದು ಕಿಲೋ ಆಹಾರದಲ್ಲಿ ಕನಿಷ್ಠ 80 ಮಿಲಿಗ್ರಾಂ ಸತು, 40 ಮಿಲಿಗ್ರಾಂ ಕಬ್ಬಿಣ, ಸುಮಾರು 7 ಮಿಲಿಗ್ರಾಂ ತಾಮ್ರ, 1 ಮಿಲಿಗ್ರಾಂ ಅಯೋಡಿನ್ ಇರಬೇಕೆಂದು ಅಮೆರಿಕದಲ್ಲಿ ಅಳತೆ ಹಾಕಿದ್ದಾರೆ. ಸೆಲೆನಿಯಂ ಅಂತೂ ಅರ್ಧ ಮಿಲಿಗ್ರಾಮೂ ಬೇಡ.

ಇವುಗಳಲ್ಲಿ ಮೊದಲು ಗಮನಿಸಬೇಕಾದ್ದು ಸತು. ಚರ್ಮ, ಕೂದಲು ಚೆನ್ನಾಗಿರುವುದಕ್ಕೂ ಗಾಯ ಮಾಯುವುದಕ್ಕೂ ಅದು ಬೇಕೇ ಬೇಕು. ಧಾನ್ಯಗಳಲ್ಲೂ ಸತು ಉಂಟು. ಆದರೆ ಅವುಗಳಲ್ಲೇ ಇರುವ ಫೈಟೇಟ್ ಎಂಬ ಅಂಶ ಅದನ್ನು ಕಟ್ಟಿಹಾಕಿ ಮೈಗೆ ಹತ್ತಗೊಡುವುದಿಲ್ಲ. ಸುಣ್ಣದಂಶ ಅತಿಯಾದರೂ ಹೀಗೇ. ಮರಿಗೆ ಮೂಳೆ ಗಟ್ಟಿಯಾಗಲಿ ಅಂತ ಕ್ಯಾಲ್ಸಿಯಂ ಪುಡಿ ಸುರಿಯುವವರು ಇದನ್ನು ನೆನಪಿಡಿ. ಕಣ್ಣು, ಬಾಯಿಯ ಸುತ್ತ ಹಕ್ಕಳೆ ಕಟ್ಟಿ, ಪಾದದ ಅಡಿ ಒರಟಾಗಿ ಬಿರುಕು ಬಿಟ್ಟರೆ ಕಜ್ಜಿಯೆಂದು ನೀವೇ ಮುಲಾಮು ಹಚ್ಚಬೇಡಿ, ಪಶುವೈದ್ಯರಿಗೆ ತೋರಿಸಿ. ಸತು ಬೆರೆತ ಮುಲಾಮು ನೆಕ್ಕಿದರೆ ನಾಯಿಗೆ ವಿಷವಾದೀತು.

ಕಬ್ಬಿಣ ರಕ್ತಕ್ಕೆ, ತಾಮ್ರ ಆ ಕಬ್ಬಿಣದ ಬಳಕೆಗೆ ಮತ್ತು ಕೂದಲ ಬಣ್ಣಕ್ಕೆ, ಅಯೋಡಿನ್ ಥೈರಾಯ್ಡ್ ಗ್ರಂಥಿಗೆ. ಉಣ್ಣೆ, ಕೊಕ್ಕೆಹುಳು ರಕ್ತ ಹೀರುತ್ತಿದ್ದರೆ ಎಷ್ಟು ಕಬ್ಬಿಣ ತಿನ್ನಿಸಿದರೂ ಸಾಲದು. ಮೊದಲು ಅವನ್ನು ತೊಲಗಿಸಬೇಕು.

ಹಾಗಾದರೆ ಏನು ಹಾಕೋಣ? ಅನ್ನ, ಮುದ್ದೆಯ ಪಾಲು ತಗ್ಗಿಸಿ, ಬೇಯಿಸಿದ ಮೊಟ್ಟೆ, ಮುಳ್ಳು ತೆಗೆದ ಮೀನು, ಮೂಳೆಯಿಲ್ಲದ ಮಾಂಸ ಸೇರಿಸಿ. ವಾರಕ್ಕೊಮ್ಮೆ ಸಣ್ಣ ತುಂಡು ಈಲಿ ಸಾಕು. ಹೆಚ್ಚಾದರೆ ಎ ಜೀವಸತ್ವ ಮಿತಿಮೀರುತ್ತದೆ. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡವೇ ಬೇಡ. ಅದು ರಕ್ತಕಣಗಳನ್ನೇ ಒಡೆಯುತ್ತದೆ. ಮನೆಯಲ್ಲಿ ಮಾಂಸ ಬೇಯಿಸದವರು ನಾಯಿಗೆಂದೇ ತಯಾರಾದ ಖನಿಜ ಪುಡಿಯನ್ನು ವೈದ್ಯರು ಹೇಳಿದ ಅಳತೆಯಲ್ಲಿ ಕೊಡಬಹುದು.

ಕೊಟ್ಟಿಗೆಯ ಹಸುವಿಗೆ ತಂದ ಖನಿಜ ಮಿಶ್ರಣವನ್ನಾಗಲಿ, ಮನೆಯವರ ಕಬ್ಬಿಣದ ಮಾತ್ರೆಯನ್ನಾಗಲಿ ನಾಯಿಗೆ ಹಾಕಬೇಡಿ. ಕಬ್ಬಿಣದ ಮಾತ್ರೆ ಹಲವು ನುಂಗಿದರೆ ಅದರ ಪ್ರಾಣಕ್ಕೇ ಸಂಚಕಾರ. ಮಾತ್ರೆ ಡಬ್ಬಿ ಎತ್ತರದಲ್ಲಿರಲಿ. ಉಪ್ಪಿನಂತೆ ಖನಿಜವೂ ಹದವಾಗಿದ್ದರೇ ಚೆನ್ನ.