ಎಳೆದ ತಂತಿ ಮರಳಿ ಬರಬೇಕು

ರಾಜ್ಯೋತ್ಸವ ಬಂತೆಂದರೆ ಹೊರನಾಡ ಕನ್ನಡಿಗರ ವೇದಿಕೆಗಳಲ್ಲಿ ಹಾರ್ಮೋನಿಯಂ, ತಬಲಾಗಳ ಪಕ್ಕದಲ್ಲಿ ಎಲೆಕ್ಟ್ರಿಕ್ ಗಿಟಾರ್ ಕೂಡ ಕಾಣಿಸಿಕೊಳ್ಳುವುದುಂಟು. ದೆಹಲಿಯಲ್ಲೇ ಹುಟ್ಟಿ ಬೆಳೆದ ನಮ್ಮ ಯುವಮಿತ್ರರು ಅದರಲ್ಲಿ ಭಾವಗೀತೆ ನುಡಿಸುವುದನ್ನು ಕೇಳುವುದೇ ಒಂದು ಸಂತೋಷ. ಆದರೆ ಎರಡನೆಯ ಚರಣಕ್ಕೆ ಬರುವಷ್ಟರಲ್ಲಿ ತಂತಿ ಶ್ರುತಿ ಬಿಟ್ಟಿತೆಂದರೆ ಹಾಡುವವರ ಮುಖ ಬಾಡುತ್ತದೆ, ನುಡಿಸುವವರ ಉತ್ಸಾಹ ಇಳಿಯುತ್ತದೆ. "ನಮ್ಮ ಹಾಡಿಗೆ ಈ ವಾದ್ಯ ಹೊಂದುವುದಿಲ್ಲ" ಎಂಬ ತೀರ್ಪೂ ಹೊರಬೀಳುತ್ತದೆ. ತಪ್ಪು ವಾದ್ಯದ್ದಲ್ಲ, ಬಹುಮಟ್ಟಿಗೆ ಅದರ ಒಂದೆರಡು ಸಣ್ಣ ಭಾಗಗಳದ್ದು.

ಬರಿಯ ಕಾರ್ಡ್ ಹಿಡಿದು ನುಡಿಸುವವರಿಗಿಂತ ನಮ್ಮ ಹಾಡು ನುಡಿಸುವವರಿಗೆ ಈ ತೊಂದರೆ ಹೆಚ್ಚು. ಗಮಕ ಬೇಕೆಂದರೆ ವೀಣೆಯಲ್ಲಿ ಮಾಡುವಂತೆಯೇ ತಂತಿಯನ್ನು ಮೆಟ್ಟಿಲಿನ ಮೇಲೆ ಪಕ್ಕಕ್ಕೆ ಎಳೆಯಬೇಕು. ಎಳೆದ ತಂತಿ ಬಿಟ್ಟೊಡನೆ ಮೊದಲಿದ್ದ ಜಾಗಕ್ಕೇ ಮರಳಬೇಕು. ಮರಳದಿದ್ದರೆ ಷಡ್ಜವೇ ಷಡ್ಜವಾಗಿ ಉಳಿಯುವುದಿಲ್ಲ!

ವಾದ್ಯವನ್ನು ಬದಲಾಯಿಸುವುದು ಸಂಪ್ರದಾಯಕ್ಕೆ ದ್ರೋಹವೆಂದು ಯಾರೂ ಅಂಜಬೇಕಿಲ್ಲ. ಧ್ವನಿವರ್ಧಕ ಅಪರೂಪವಾಗಿದ್ದ ಕಾಲದಲ್ಲಿ ಮೈಸೂರು ಟಿ. ಚೌಡಯ್ಯನವರು ಪಿಟೀಲಿನ ನಾದ ಸಭೆಯ ಕೊನೆಯವರೆಗೂ ತಲುಪಲೆಂದು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಇಂದು ಎಷ್ಟೋ ವೀಣೆಗಳಲ್ಲಿ ಮರದ ಬಿರಡೆಯ ಬದಲು ಗಿಟಾರಿನಂತಹ ಹಲ್ಲುಚಕ್ರದ ಬಿರಡೆಗಳಿವೆ. ಆದರೆ ಒಂದು ಮಾತು ನೆನಪಿರಲಿ: ಮೊದಲು ಕೊರತೆಯನ್ನು ಕಂಡುಕೊಳ್ಳಬೇಕು, ಆಮೇಲೆ ಹಣ ಖರ್ಚು ಮಾಡಬೇಕು.

ಕೊರತೆ ಕಂಡುಹಿಡಿಯುವ ಪರೀಕ್ಷೆ ಸುಲಭ. ಮೂರನೆಯ ತಂತಿಯನ್ನು ಟ್ಯೂನರ್ ನೋಡಿ ಸರಿಯಾಗಿ ಶ್ರುತಿ ಮಾಡಿ. ನಾಲ್ಕೈದು ಬಾರಿ ಬಲವಾಗಿ ಎಳೆದು ಬಿಡಿ. ಶ್ರುತಿ ಇಳಿದಿದ್ದರೆ, ನಟ್ ಎಂಬ ಚಿಕ್ಕ ಪಟ್ಟಿಗೂ ಬಿರಡೆಗೂ ನಡುವೆ ಇರುವ ತಂತಿಯ ಭಾಗವನ್ನು ಬೆರಳಿನಿಂದ ಒಮ್ಮೆ ಒತ್ತಿ ಬಿಡಿ. ಶ್ರುತಿ ಮತ್ತೆ ಮೇಲೇರಿತೇ? ಹಾಗಿದ್ದರೆ ತಂತಿ ನಟ್‌ನ ಗೀರಿನಲ್ಲಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ಶ್ರುತಿ ಮಾಡುವಾಗ "ಟಿಂಕ್" ಎಂಬ ಸದ್ದು ಬರುವುದೂ ಅದೇ ಲಕ್ಷಣ. ಮೇಲೇರದಿದ್ದರೆ ಬಿರಡೆಗೆ ಸುತ್ತಿದ ತಂತಿಯೇ ಸಡಿಲವಾಗಿರಬಹುದು, ಇಲ್ಲವೇ ಹೊಸ ತಂತಿ ಇನ್ನೂ ಹಿಗ್ಗುತ್ತಿರಬಹುದು.

ನಟ್‌ನ ದೋಷಕ್ಕೆ ಮೊದಲ ಮದ್ದು ಪೆನ್ಸಿಲ್! ಗೀರಿನೊಳಗೆ ಪೆನ್ಸಿಲಿನ ಸೀಸವನ್ನು ಉಜ್ಜಿದರೆ ತಂತಿ ಜಾರುತ್ತದೆ. ಸಾಲದಿದ್ದರೆ ಅಗ್ಗದ ಪ್ಲಾಸ್ಟಿಕ್ ನಟ್ ತೆಗೆಸಿ ಮೂಳೆಯದನ್ನೋ ಗ್ರಾಫೈಟ್ ಬೆರೆತದ್ದನ್ನೋ ಹಾಕಿಸಿ, ನಿಮ್ಮ ತಂತಿಯ ದಪ್ಪಕ್ಕೆ ತಕ್ಕಂತೆ ಗೀರು ಅರಗೊಳಿಸಲು ಹೇಳಿ.

ಬಿರಡೆಯ ಸರದಿ ಆಮೇಲಿನದು. ಸಾಮಾನ್ಯ ಬಿರಡೆಗೆ ಎರಡು ಮೂರು ಸುತ್ತು ಅಚ್ಚುಕಟ್ಟಾಗಿ ಸುತ್ತಿದರೆ ಸಾಕು. ಲಾಕಿಂಗ್ ಬಿರಡೆ ತಂತಿಯನ್ನು ಕಚ್ಚಿ ಹಿಡಿಯುವುದರಿಂದ ಒಂದು ಸುತ್ತೂ ಬೇಕಾಗುವುದಿಲ್ಲ. ಸುತ್ತಿಲ್ಲದಲ್ಲಿ ಸಡಿಲವೂ ಇಲ್ಲ. 14:1ರ ಬದಲು 18:1 ಹಲ್ಲಿನ ಬಿರಡೆ ಕೊಂಡರೆ ಶ್ರುತಿಯನ್ನು ಇನ್ನೂ ಸೂಕ್ಷ್ಮವಾಗಿ ಸೇರಿಸಬಹುದು. ಆದರೆ ಸೇರಿಸಿದ ಶ್ರುತಿಯನ್ನು ಹಿಡಿದಿಡುವುದು ಆ ಸಂಖ್ಯೆಯಲ್ಲ. ಕೊಳ್ಳುವ ಮುನ್ನ ಗಿಟಾರಿನ ತಲೆಯಲ್ಲಿರುವ ರಂಧ್ರದ ಅಳತೆ ನೋಡಿಕೊಳ್ಳಿ.

1954ರಲ್ಲಿ ಬಂದ ಫೆಂಡರ್ ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರ್‌ಗಳಲ್ಲಿ ಬ್ರಿಡ್ಜ್ ಹಿಂಬದಿಯ ಸ್ಪ್ರಿಂಗ್‌ಗಳ ಬಲದಿಂದ ನಿಲ್ಲುತ್ತದೆ. ಅದು ತೇಲುವಂತೆ ಇದ್ದರೆ ಒಂದು ತಂತಿಯನ್ನು ಎಳೆದಾಗ ಬ್ರಿಡ್ಜ್ ಮುಂದಕ್ಕೆ ವಾಲಿ ಉಳಿದ ತಂತಿಗಳ ಶ್ರುತಿ ಇಳಿಯುತ್ತದೆ. ಷಡ್ಜ ಪಂಚಮಗಳನ್ನು ಮೀಟುತ್ತಾ ಗಮಕ ನುಡಿಸುವವರಿಗೆ ಇದು ದೊಡ್ಡ ತಲೆನೋವು. ಸ್ಪ್ರಿಂಗ್ ಬಿಗಿಗೊಳಿಸಿ ಬ್ರಿಡ್ಜನ್ನು ಮೈಗೆ ಕೂರಿಸಿಬಿಟ್ಟರೆ ಖರ್ಚಿಲ್ಲದೆ ಪರಿಹಾರ ದೊರೆಯುತ್ತದೆ. ಸನ್ನೆ ಬಳಸಿ ಸ್ವರ ಮೇಲಕ್ಕೆ ಒಯ್ಯುವುದು ಮಾತ್ರ ಆಗದು.

ನಾದದ ಮಾತು ಕೊನೆಗೆ. ಪಿಕಪ್ ಬದಲಾಯಿಸುವ ಮೊದಲು ಅದರ ಎತ್ತರ ತಗ್ಗಿಸಿ ನೋಡಿ. ಅಯಸ್ಕಾಂತ ತಂತಿಗೆ ತೀರ ಹತ್ತಿರವಿದ್ದರೆ ಸ್ವರ ನಡುಗುತ್ತದೆ, ಬೇಗ ಅಡಗುತ್ತದೆ. ಒಂಟಿ ಸುರುಳಿಯ ಪಿಕಪ್‌ನ ಗುಂಯ್‌ಗುಡುವಿಕೆ ನಮ್ಮ 50 ಹರ್ಟ್ಜ್ ವಿದ್ಯುತ್ತಿನ ಕೊಡುಗೆ. ಎರಡು ಸುರುಳಿಯ ಹಂಬಕರ್ ಹಾಕಿದರೆ ಅದು ಅಡಗುತ್ತದೆ. ಆಗ 250 ಕಿಲೋ ಓಮ್‌ನ ಪಾಟ್‌ಗಳ ಬದಲು 500 ಕಿಲೋ ಓಮ್‌ನವನ್ನು ಹಾಕುವುದು ವಾಡಿಕೆ. ಇಲ್ಲದಿದ್ದರೆ ನಾದ ಮಂಕಾಗುತ್ತದೆ.

ಪರೀಕ್ಷೆಗಳಿಗೆ ಓದುವವರ ತಾಣವಾದ ಓಲ್ಡ್ ರಾಜಿಂದರ್ ನಗರದಲ್ಲಿ ಗಿಟಾರಿಗೂ ಪರೀಕ್ಷೆ ತಪ್ಪಿದ್ದಲ್ಲ. ಮೇ ತಿಂಗಳ ಒಣ ಬಿಸಿಗಾಳಿ, ಜುಲೈನ ತೇವ, ಜನವರಿಯ ಚಳಿ ಇವುಗಳ ನಡುವೆ ಕುತ್ತಿಗೆಯ ಮರ ಹಿಗ್ಗುತ್ತದೆ, ಕುಗ್ಗುತ್ತದೆ. ಇಕ್ಕಟ್ಟಾದ ಬಾಡಿಗೆ ಕೋಣೆಯಲ್ಲಿ ಗಿಟಾರನ್ನು ಕೂಲರಿನ ಎದುರಿಗಾಗಲಿ ಹೀಟರಿನ ಪಕ್ಕದಲ್ಲಾಗಲಿ ಇಡಬೇಡಿ, ಚೀಲದಲ್ಲಿಡಿ. ಮುಖ್ಯವಾಗಿ, ಗಿಟಾರಿನ ತಂತಿಗಳು ಆಂಪ್ಲಿಫೈಯರಿನ ಅರ್ಥ್‌ಗೆ ಕೂಡಿಕೊಂಡಿರುತ್ತವೆ. ಹಳೆಯ ಮನೆಯ ಪ್ಲಗ್ಗಿನಲ್ಲಿ ಅರ್ಥ್ ನಿಜಕ್ಕೂ ಇದೆಯೇ ಎಂದು ಎಲೆಕ್ಟ್ರಿಷಿಯನ್ನನಿಂದ ನೋಡಿಸಿಕೊಳ್ಳಿ. ಇದು ನಾದದ ಪ್ರಶ್ನೆಯಲ್ಲ, ಪ್ರಾಣದ ಪ್ರಶ್ನೆ.

ಹೊಸ ಗಿಟಾರಿಗಾಗಿ ಅಪ್ಪ ಅಮ್ಮನನ್ನು ಪೀಡಿಸುವ ಮೊದಲು ಪೆನ್ಸಿಲ್ ಹಿಡಿದು ಕುಳಿತುಕೊಳ್ಳಿ. ಆಮೇಲೆ ಮನೆಯಲ್ಲಿ ಅಜ್ಜಿ ಗುನುಗುವ ಹಾಡೊಂದನ್ನು ಅದರಲ್ಲಿ ನುಡಿಸಿ, ಅವರಿಂದಲೇ ತಿದ್ದಿಸಿಕೊಳ್ಳಿ. ಶ್ರುತಿ ನಿಂತ ವಾದ್ಯದಲ್ಲಿ ಕನ್ನಡದ ಹಾಡು ತಾನಾಗಿ ನಿಲ್ಲುತ್ತದೆ.